ಹಳೇ ಜೀಪ್ ಸಾಮಾನಲ್ಲಿ ತೋಟಕ್ಕೆ ಎಳೆಯೋ ಟ್ರ್ಯಾಕ್ಟರ್, 8 ಎಚ್‌ಪಿ ಇಂಜಿನ್ ಸಾಕಾ?

ತೋಟದವ_ಸಾಗರ:
ಎಲ್ರಿಗೂ ನಮಸ್ಕಾರ. ನಮ್ದು ಒಂದೂವರೆ ಎಕರೆ ಅಡಿಕೆ ತೋಟ, ರೋಡಿಂದ ಕೆಳಗಿಳೀಬೇಕು, ಗೊಬ್ಬರ ಇಳ್ಸೋದು, ಅಡಿಕೆ ಕೊನೆ ಮೇಲೆ ತರೋದು ಎಲ್ಲಾ ತಲೆಹೊರೆನೇ, ಅಪ್ಪಂಗೆ ಈಗ ಆಗಲ್ಲ, ಆಳೂ ಸಿಗಲ್ಲ. ಗುಜರೀಲಿ ಹಳೇ ಪೆಟ್ರೋಲ್ ಜೀಪಿನ ಚಾಸಿ, 3 ಗೇರಿನ ಬಾಕ್ಸು, ಹಿಂದಿನ ಹೌಸಿಂಗು (ಹಿಂದಿನ ಆಕ್ಸಲ್ ಇರೋ ಕವಚ) ಸಿಕ್ಕಿದೆ. ಮನೇಲಿ ಪಂಪ್‌ಸೆಟ್ಟಿನ 8 ಎಚ್‌ಪಿ ಡೀಸೆಲ್ ಇಂಜಿನ್ ಇದೆ, 1500 ಆರ್‌ಪಿಎಂದು. ಅರ್ಧ ಟನ್ ಟ್ರೈಲರ್ ಎಳೆದ್ರೆ ಸಾಕು. ಇದೇ ಇಂಜಿನ್ ಸಾಲುತ್ತಾ, ಕಾರಿಂದು ಹುಡುಕ್ಲಾ?

ಗ್ಯಾರೇಜ್_ದಾವಣಗೆರೆ:
ಧಾರಾಳ ಸಾಕು ಗುರು, ಕಾರ್ ಇಂಜಿನ್ ಬೇಡ. ಎಳೆಯೋದು ಎಚ್‌ಪಿ ಅಲ್ಲ, ಗೇರು ಮತ್ತೆ ಹಿಂದಿನ ಚಕ್ರದ ಮೇಲಿರೋ ತೂಕ. ಮೊದ್ಲು ಹೌಸಿಂಗ್ ಬಿಚ್ಚಿ ಹಲ್ಲು ಎಣ್ಸು, ಕ್ರೌನಲ್ಲಿ (ದೊಡ್ಡ ಹಲ್ಲಿನ ಚಕ್ರ) 43 ಪಿನಿಯನ್ನಲ್ಲಿ (ಚಿಕ್ಕದು) 8 ಇದ್ರೆ ರೇಶಿಯೋ 5.38. ಆ ಬಾಕ್ಸಲ್ಲಿ ಫಸ್ಟ್ ಗೇರ್ ಸುಮಾರು 2.8, ಅದರ ಹಿಂದೆ ಬರೋ ಹೈ-ಲೋ ಬಾಕ್ಸಿನ (ಫೋರ್‌ವೀಲ್ ಹಾಕೋ ಬಾಕ್ಸು) ಲೋ 2.46, ಮೂರೂ ಗುಣಿಸಿದ್ರೆ 37 ಆಯ್ತು, ಅಂದ್ರೆ ಗೇರ್‌ಬಾಕ್ಸ್ ಶಾಫ್ಟ್ 37 ಸುತ್ತಿದ್ರೆ ಚಕ್ರ ಒಂದು ಸುತ್ತು. ಇಂಜಿನ್ನಿಗೆ 6 ಇಂಚು ಪುಲ್ಲಿ ಗೇರ್‌ಬಾಕ್ಸಿಗೆ 9 ಇಂಚು ಹಾಕಿದ್ರೆ 16 ಇಂಚು ಡಿಸ್ಕಿನ ಟೈರಲ್ಲಿ ಗಂಟೆಗೆ ಮೂರೂವರೆ ಕಿ.ಮೀ. ಹೋಗುತ್ತೆ, ಅಂದ್ರೆ ನೀನು ಹೊರೆ ಹೊತ್ಕೊಂಡು ನಡೆಯೋಷ್ಟು. ಆ ಸ್ಪೀಡಲ್ಲಿ ಇಂಜಿನ್ ನಿಲ್ಲೋ ಮೊದ್ಲು ಚಕ್ರಾನೇ ಜಾರುತ್ತೆ, ಅದಕ್ಕೇ ಹಿಂದಿನ ಟ್ಯೂಬಿಗೆ ಮುಕ್ಕಾಲು ನೀರು ತುಂಬ್ಸು. ಇನ್ನೊಂದು, ಫೋರ್‌ವೀಲ್ ಲಿವರ್ ಹಾಕದೆ ಲೋ ಬೀಳಲ್ಲ, ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟ್ ಇಲ್ದಿದ್ರೂ ಲಿವರ್ ಹಾಕೇ ಇಡ್ಬೇಕು, ಎಷ್ಟೋ ಜನ ಇದು ಗೊತ್ತಿಲ್ದೆ ಬಾಕ್ಸೇ ಹೋಗಿದೆ ಅಂತ ಬಿಚ್ಚಿ ಕೂತಿರ್ತಾರೆ.

ಮಲ್ನಾಡ್_ಮಾವ:
ತಮ್ಮಾ, ಟ್ರೈಲರ್ ಹುಕ್ ಎಲ್ಲಿ ವೆಲ್ಡ್ ಮಾಡ್ತೀಯ ಅನ್ನೋದು ಇಂಜಿನ್ನಿಗಿಂತ ಮುಖ್ಯ ಕಣೋ. ಹಿಂದಿನ ಆಕ್ಸಲ್ ಸೆಂಟರಿಗಿಂತ ಕೆಳಗೇ ಇರ್ಬೇಕು. ನಮ್ಮ ಚಿಕ್ಕಪ್ಪ ಇಂಥದ್ದೇ ಗಾಡಿ ಮಾಡಿ ಮರದ ದಿಮ್ಮಿ ಎಳೆಯೋಕೆ ಸರಪಳೀನ ಸೀಟ್ ಹಿಂದಿನ ಪೈಪಿಗೆ ಕಟ್ಟಿದ್ರು, ದಿಮ್ಮಿ ಬೇರಿಗೆ ಸಿಕ್ಕಾಕೊಂಡಿದ್ದೇ ತಡ ಮುಂದಿನ ಚಕ್ರ ಎದ್ದು ಗಾಡಿ ಅವರ ಮೇಲೇ ಮಗುಚ್ತು, ಎರಡು ಪಕ್ಕೆಲುಬು ಮುರೀತು, ಜೀವ ಉಳಿದಿದ್ದೇ ದೊಡ್ಡದು. ಇಂಜಿನ್ ಆದಷ್ಟು ಮುಂದೆ ಕೂರ್ಸು. ಬ್ರೇಕ್ ಆಮೇಲೆ ಮಾಡ್ಸೋಣ ಅನ್ಬೇಡ, ಇಳಿಜಾರಲ್ಲಿ ಬೆಲ್ಟ್ ಜಾರಿದ್ರೆ ಇಂಜಿನ್ ಹಿಡಿಯಲ್ಲ, ಟ್ರೈಲರ್ ಹಿಂದಿಂದ ನೂಕುತ್ತೆ.

ತೋಟದವ_ಸಾಗರ:
ಮಾವ, ನಾನೂ ಮೇಲಿನ ಪೈಪಿಗೇ ಹಾಕೋಣ ಅಂತಿದ್ದೆ, ಒಳ್ಳೇ ಟೈಮಿಗೆ ಹೇಳಿದ್ರಿ. ಗ್ಯಾರೇಜ್ ಅಣ್ಣ, ಇಂಜಿನ್ ಯಾವ ಕಡೆ ತಿರುಗಿದ್ರೂ ನಡೆಯುತ್ತಾ?

ಗ್ಯಾರೇಜ್_ದಾವಣಗೆರೆ:
ಇಲ್ಲ, ಉಲ್ಟಾ ಆದ್ರೆ ಮೂರು ರಿವರ್ಸು ಒಂದು ಫಾರ್ವರ್ಡ್ ಆಗುತ್ತೆ. ವೆಲ್ಡ್ ಮಾಡೋಕೆ ಮುಂಚೆ ಹೌಸಿಂಗ್ ಜಾಕ್ ಮೇಲಿಟ್ಟು ಶಾಫ್ಟ್ ಕೈಯಲ್ಲಿ ತಿರುಗ್ಸಿ ನೋಡ್ಕೋ, ಉಲ್ಟಾ ಇದ್ರೆ ಇಂಜಿನ್ ತಿರುಗಿಸಿ ಕೂರ್ಸು. ರೋಡಿಗೆ ಮಾತ್ರ ತರ್ಬೇಡ, ಇದಕ್ಕೆ ರಿಜಿಸ್ಟ್ರೇಷನ್ ಇರಲ್ಲ. ಬೆಲ್ಟಿಗೆ ಗಾರ್ಡ್ ಹಾಕಿದ್ಮೇಲೆ ಫೋಟೋ ಹಾಕು.