ಅಡುಗೆಮನೆ ಕಟ್ಟೆಗೆ ಮಾರ್ಬಲ್ಲೋ ಕ್ವಾರ್ಟ್ಜೈಟೋ? ಹಾಕಿಸಿದವರು ಹೇಳಿ

ಕೇಳಿದವರು:
ಕಟ್ಟೆಗೆ ಬಿಳಿ ಕಲ್ಲೇ ಬೇಕು ಅಂತ ಮನೆಯಲ್ಲಿ ಹಟ. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಮಾರ್ಬಲ್, ಇನ್ನೊಂದು ಕ್ವಾರ್ಟ್ಜೈಟ್ ಅಂತೆ. ನನ್ನ ಕಣ್ಣಿಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕಂಡವು. ಕ್ವಾರ್ಟ್ಜೈಟಿನ ರೇಟು ಮಾತ್ರ ದುಪ್ಪಟ್ಟು! ಗುರುತು ಹಿಡಿಯೋದು ಹೇಗೆ?

ಮೈಸೂರಿನಿಂದ:
ನಮ್ಮದು ಮಾರ್ಬಲ್. ಆರು ವರ್ಷವಾಯಿತು. ಹಾಕಿಸಿದ ತಿಂಗಳಲ್ಲೇ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿ, ಹೋಳನ್ನು ಕಟ್ಟೆ ಮೇಲೆ ಬೋರಲು ಹಾಕಿ ಮರೆತಿದ್ದೆ. ಊಟ ಮುಗಿಸಿ ಬಂದು ಒರೆಸಿದರೆ ಹೋಳಿನಷ್ಟೇ ಅಗಲದ ದುಂಡನೆ ಗುರುತು. ಕಲೆ ಅಂದುಕೊಂಡು ಉಜ್ಜಿದ್ದೇ ಉಜ್ಜಿದ್ದು. ಕಲೆ ಅಲ್ಲ ಅದು, ಹೊಳಪೇ ಹೋಗಿತ್ತು. ಬೆಳಕಿಗೆ ಓರೆಯಾಗಿ ನೋಡಿದರೆ ಇವತ್ತಿಗೂ ಕಾಣುತ್ತದೆ. ಸೀಲರ್ ಹೊಡೆಸಿರಲಿಲ್ವಾ ಅಂತ ಕೇಳಬೇಡಿ, ಹೊಡೆಸಿದ್ದೆವು. ಸೀಲರ್ ಎಣ್ಣೆ, ಅರಿಶಿನ ಒಳಗಿಳಿಯುವುದನ್ನು ತಡೆಯುತ್ತದೆ. ಹುಳಿ ಕಲ್ಲನ್ನು ತಿನ್ನುವುದನ್ನು ತಡೆಯುವುದಿಲ್ಲ. ಹುಣಸೆ ರಸ ಬಿದ್ದರೂ ಇದೇ ಕಥೆ. ನಮ್ಮಂಥ ಸಾರು ಕುದಿಸುವ ಮನೆಗೆ ಇದು ಆಗಿಬರಲ್ಲ.

ಧಾರವಾಡದಿಂದ, ಭೂವಿಜ್ಞಾನದ ಮೇಷ್ಟ್ರು:
ಎರಡೂ ರೂಪಾಂತರ ಶಿಲೆಗಳೇ, ತವರು ಮಾತ್ರ ಬೇರೆ. ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಸುಣ್ಣಕಲ್ಲು ಮಾರ್ಬಲ್ ಆಗುತ್ತದೆ, ಮರಳುಗಲ್ಲು ಕ್ವಾರ್ಟ್ಜೈಟ್ ಆಗುತ್ತದೆ. ಮಾರ್ಬಲ್ಲಿನಲ್ಲಿ ಇರುವುದು ಹೆಚ್ಚಾಗಿ ಕ್ಯಾಲ್ಸೈಟ್ ಅನ್ನುವ ಖನಿಜ, ಗಡಸುತನ ಮೋಸ್ ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) 3. ಕ್ವಾರ್ಟ್ಜೈಟಿನಲ್ಲಿ ಬೆಣಚು, ಅದು 7. ಗಾಜು ನಡುವೆ, ಸುಮಾರು 5.5.

ಹಾಗಾಗಿ ಅಂಗಡಿಯಲ್ಲಿ ಒಂದು ಒಡೆದ ಚೂರು ಕೇಳಿ. ಅದರ ಮೂಲೆಯಿಂದ ಹಳೇ ಗಾಜಿನ ಬಾಟಲಿಗೆ ಒತ್ತಿ ಗೀಚಿ, ಆಮೇಲೆ ಬೆರಳಿಂದ ಒರೆಸಿ. ಕ್ವಾರ್ಟ್ಜೈಟ್ ಆದರೆ ಗೀರು ಹಾಗೇ ಉಳಿಯುತ್ತದೆ, ಉಗುರಿಗೆ ಸಿಗುತ್ತದೆ. ಮಾರ್ಬಲ್ ಆದರೆ ಕಲ್ಲೇ ಸವೆದು ಬಿಳಿ ಪುಡಿ ಬಿಡುತ್ತದೆ, ಒರೆಸಿದರೆ ಮಾಯ.

ನಿಂಬೆ ರಸ ಹಾಕಿ ನೊರೆ ಬರುತ್ತದಾ ಅಂತ ನೋಡುವ ಪರೀಕ್ಷೆಯನ್ನು ಪಾಲಿಶ್ ಆದ ಮೇಲ್ಮೈ ಮೇಲೆ ಮಾಡಬೇಡಿ. ಅಲ್ಲಿ ರೆಸಿನ್ (ಅಂಟಿನಂಥ ಲೇಪ) ಹಚ್ಚಿರಬಹುದು. ಮುರಿದ ಅಂಚಿನ ಮೇಲೆ ಮಾಡಿ. ಅದನ್ನೂ ಪೂರ್ತಿ ನಂಬಬೇಡಿ: ಡಾಲಮೈಟ್ ಅನ್ನುವ ಖನಿಜ ಜಾಸ್ತಿ ಇರುವ ಮಾರ್ಬಲ್ ಹುಳಿಗೆ ಬೇಗ ನೊರೆ ಬಿಡುವುದಿಲ್ಲ. ಅಂಥದ್ದನ್ನೇ ಕೆಲವರು 'ಸಾಫ್ಟ್ ಕ್ವಾರ್ಟ್ಜೈಟ್' ಅಂತ ಮಾರುತ್ತಾರೆ. ಹಾಗೊಂದು ಕಲ್ಲೇ ಇಲ್ಲ. ಗಾಜಿನ ಪರೀಕ್ಷೆಯೇ ಗಟ್ಟಿ.

ಕಲ್ಲು ಕೂರಿಸುವ ಕೆಲಸದವರು:
ಕಟರ್ ಇಟ್ಟ ಕೂಡಲೇ ನಮಗೆ ಗೊತ್ತಾಗುತ್ತದೆ ಸಾರ್. ಮಾರ್ಬಲ್ ಸಲೀಸಾಗಿ ಬಿಟ್ಟುಕೊಡುತ್ತದೆ. ಕ್ವಾರ್ಟ್ಜೈಟ್ ಡೈಮಂಡ್ ಬ್ಲೇಡನ್ನೇ ತಿಂದುಹಾಕುತ್ತದೆ. ಸಿಂಕಿನ ಜಾಗ ಕತ್ತರಿಸೋಕೆ ಹೊತ್ತು ಹಿಡಿಯುತ್ತದೆ, ಕೂಲಿ ಜಾಸ್ತಿ. ಮೊದಲೇ ಮಾತಾಡಿಕೊಳ್ಳಿ. ಕ್ವಾರ್ಟ್ಜೈಟಿನಲ್ಲೂ ಕೆಲವು ನೀರು, ಎಣ್ಣೆ ಕುಡಿಯುತ್ತವೆ. ಅದಕ್ಕೂ ಸೀಲರ್ ಹೊಡೆಸಿ.

ಬೆಂಗಳೂರಿನಿಂದ:
ಸುಮ್ನೆ ಗ್ರಾನೈಟ್ ಹಾಕಿಸಿ! ಅಂದ ಹಾಗೆ, ಅಂಗಡಿಯಲ್ಲಿ ಗ್ರಾನೈಟ್ ಅನ್ನುವುದರಲ್ಲಿ ಪಟ್ಟೆ ಪಟ್ಟೆಯ 'ನೈಸ್' (gneiss) ಅನ್ನುವ ಕಲ್ಲೂ ಇರುತ್ತದೆ, ಅದೂ ರೂಪಾಂತರ ಶಿಲೆಯೇ. ಲಾಲ್‌ಬಾಗಿನ ಬಂಡೆ ಅದೇ ಜಾತಿ, ಸುಮಾರು 300 ಕೋಟಿ ವರ್ಷದ್ದು. ನಿಮ್ಮ ಸಾರಿಗೆಲ್ಲ ಜಗ್ಗಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಚೀಲದಲ್ಲಿ ಜಾಮ್ ಬಾಟಲಿ ಇಟ್ಟುಕೊಂಡು ಹೋಗಿದ್ದೆ. ದುಬಾರಿ ಕಲ್ಲಿನ ಚೂರಿನಿಂದ ಗೀಚಿದೆ, ಒರೆಸಿದೆ. ಬಾಟಲಿ ಹೊಸದರ ಹಾಗೇ ಇತ್ತು. ಅಂಗಡಿಯವರು ಬಾಟಲಿ ನೋಡಿದರು, ನನ್ನ ಮುಖ ನೋಡಿದರು. "ಇದು ಸಾಫ್ಟ್ ಕ್ವಾರ್ಟ್ಜೈಟ್ ಸಾರ್" ಅಂದರು.