ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಯಾರ ಕೆಲಸ? ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ ಯಾಕೆ?

ಸಂತೆಕಟ್ಟೆಯವ:
ಸ್ವಲ್ಪ ತಲೆ ಕೆಡಿಸಿದ ವಿಷಯ ಇದು, ಗೊತ್ತಿದ್ದವರು ಹೇಳಿ. ನನ್ನ ಚಿಕ್ಕಪ್ಪನ ಮಗಳು ಸ್ವೀಡನ್‌ನಲ್ಲಿದ್ದಾಳೆ. ಅಲ್ಲಿ ವಯಸ್ಸಾದ ತಂದೆ ತಾಯಿಯನ್ನು ಸಾಕಲೇಬೇಕು ಅಂತ ಮಕ್ಕಳ ಮೇಲೆ ಕಾನೂನಿನ ಹೊಣೆ ಇಲ್ಲವಂತೆ. ಸ್ನಾನ ಮಾಡಿಸಲು, ಊಟ ಕೊಡಲು ನಗರಸಭೆಯೇ ಜನ ಕಳಿಸುತ್ತದೆ, ಫೀಸಿಗೂ ಒಂದು ಮಿತಿ ಉಂಟು. ಇದನ್ನು ಕೇಳಿ ನಮ್ಮ ಮಾವ "ಅದಕ್ಕೇ ಅಲ್ಲಿ ಸಂಬಂಧ ಅನ್ನುವುದೇ ಇಲ್ಲ" ಅಂದರು. ಅವರ ಇಬ್ಬರು ಗಂಡುಮಕ್ಕಳು ದುಬೈಯಲ್ಲಿ, ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳುವುದು ಹೋಮ್‌ನರ್ಸ್!

ದುಡ್ಡು ಇರುವುದಕ್ಕೆ ಅವರು ಮಾಡುತ್ತಾರೆ ಅನ್ನೋಣ. ಆದರೆ ಜಪಾನ್, ಅಮೆರಿಕ, ಜರ್ಮನಿಯಲ್ಲೂ ದುಡ್ಡು ಉಂಟಲ್ವಾ? ಎಲ್ಲ ಕಡೆ ಪದ್ಧತಿ ಬೇರೆ ಬೇರೆ. ಹಾಗಾದರೆ ಇದು ಸಂಸ್ಕೃತಿಯ ಪ್ರಶ್ನೆಯಾ? ಅಥವಾ ಸಂಸ್ಕೃತಿ ಅನ್ನುವುದು ಸುಮ್ನೆ ನೆಪವಾ?

ಜೆಪ್ಪು_ಹಂಚು:
ಸಂಸ್ಕೃತಿಗೆ ಪಾಲು ಉಂಟು, ಆದರೆ ನಿಮ್ಮ ಮಾವ ಹೇಳುವ ಹಾಗೆ ಅಲ್ಲ. ಸ್ವೀಡನ್‌ನವರ ಯೋಚನೆ ಏನೆಂದರೆ, ಯಾರೂ ಇನ್ನೊಬ್ಬರ ಹಂಗಿನಲ್ಲಿ ಬದುಕಬಾರದು. ಹೆಂಡತಿ ಗಂಡನ ಹಂಗಿನಲ್ಲಿ ಬೇಡ, ಮುದುಕರು ಮಕ್ಕಳ ಹಂಗಿನಲ್ಲಿ ಬೇಡ. 1971ರಲ್ಲೇ ಗಂಡ ಹೆಂಡತಿಯ ತೆರಿಗೆ ಬೇರೆ ಬೇರೆ ಮಾಡಿದರು. ಮಗು ಹುಟ್ಟಿದರೆ ಇಬ್ಬರಿಗೂ ಸೇರಿ 480 ದಿನ ರಜೆಯ ಭತ್ಯೆ ಉಂಟು. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, ಅವನು ತೆಗೆದುಕೊಳ್ಳದಿದ್ದರೆ ಹೋಯಿತು, ಅಮ್ಮನಿಗೆ ವರ್ಗ ಆಗುವುದಿಲ್ಲ.

ಜರ್ಮನಿಯಲ್ಲಿ ಕ್ಯಾಥೊಲಿಕ್ ವಿಚಾರದ ಪ್ರಭಾವ ಜಾಸ್ತಿ. ಮೊದಲು ಕುಟುಂಬ, ಆಮೇಲೆ ಚರ್ಚು ಸಂಘ ಸಂಸ್ಥೆ, ಯಾರಿಂದಲೂ ಆಗದಿದ್ದರೆ ಸರ್ಕಾರ. ಇವತ್ತಿಗೂ ಅಲ್ಲಿ ಎಷ್ಟೋ ವೃದ್ಧಾಶ್ರಮ ನಡೆಸುವುದು ಕ್ಯಾಥೊಲಿಕ್ಕರ ಕಾರಿಟಾಸ್ ಮತ್ತು ಪ್ರೊಟೆಸ್ಟೆಂಟರ ಡಿಯಾಕೊನಿ. 1995ರಲ್ಲಿ ಶುಶ್ರೂಷೆಗೆ ಅಂತಲೇ ವಿಮೆ ತಂದರು. ಮನೆಯವರೇ ನೋಡಿಕೊಂಡರೆ ಕೈಗೆ ದುಡ್ಡು ಸಿಗುತ್ತದೆ.

ದೂರ ಯಾಕೆ, ನಮ್ಮ ಮಂಗಳೂರನ್ನೇ ನೋಡಿ. ಹಿಂದೆ ಕ್ರೈಸ್ತರಾಗಿ ಮತಾಂತರ ಆದವರಿಗೆ ಜಾತಿಯ ಆಸರೆಯೂ ಹೋಯಿತು, ಕುಲಕಸುಬೂ ಹೋಯಿತು. ಸ್ವಿಟ್ಜರ್ಲೆಂಡಿನಿಂದ ಬಂದ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಶನ್‌ನವರು ಅವರನ್ನು ಕೂರಿಸಿ ಅನ್ನ ಹಾಕಲಿಲ್ಲ. ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಪುಕ್ಕಟೆ ಕೊಡಬೇಡ, ದುಡಿಯಲು ದಾರಿ ಮಾಡು ಅನ್ನುವ ಪೈಕಿ ಅವರು. ಅದೂ ಒಂದು ನಂಬಿಕೆಯೇ. ನಮ್ಮ ಮಾಡಿನ ಮೇಲೆ ಕೂತಿದೆ ಅಷ್ಟೆ.

ಅಡ್ಡಮಾತು:
ಎಲ್ಲ ಓದಲು ಚೆಂದ ಮಾರಾಯ್ರೆ. ಆದರೆ ಜರ್ಮನಿಯಲ್ಲಿ 1883ರಲ್ಲಿ ಆರೋಗ್ಯ ವಿಮೆ ತಂದ ಚಾನ್ಸಲರ್ ಬಿಸ್ಮಾರ್ಕ್‌ಗೆ ಕಾರ್ಮಿಕರ ಮೇಲೆ ಪ್ರೀತಿ ಉಕ್ಕಿದ್ದಲ್ಲ. ಅವರೆಲ್ಲ ಸಮಾಜವಾದಿಗಳ ಹಿಂದೆ ಹೋಗುತ್ತಾರೆ ಅಂತ ಮಂಡೆಬೆಚ್ಚ. ಎಲ್ಲದಕ್ಕೂ ಸಂಸ್ಕೃತಿ ಅನ್ನಬೇಡಿ.

ಕೊರಿಯಾದ್ದು ಕೇಳಿ. ಹಿರಿಯರಿಗೆ ಗೌರವ ಅಂದರೆ ಅವರೇ ಅಂತ ನಾವು ಹೊಗಳುತ್ತೇವೆ. 2000ದಲ್ಲಿ ಬಡವರಿಗೆ ಜೀವನಭತ್ಯೆ ತಂದರು. ಆದರೆ ಅರ್ಜಿ ಹಾಕುವ ಮುದುಕಿಗೆ ದುಡಿಯುವ ಮಗ ಇದ್ದಾನಾ ಅಂತ ನೋಡುತ್ತಿದ್ದರು. ಅವನಿಗೆ ಇಷ್ಟು ಸಂಬಳ ಅಂತ ದಾಖಲೆಯಲ್ಲಿ ಇದ್ದರೆ, ಅವನು ಒಂದು ಪೈಸೆ ಕಳಿಸದಿದ್ದರೂ, ಹತ್ತು ವರ್ಷದಿಂದ ಮುಖ ತೋರಿಸದಿದ್ದರೂ, ಇವಳಿಗೆ ಭತ್ಯೆ ಇಲ್ಲ. ಶ್ರೀಮಂತ ದೇಶಗಳ ಸಾಲಿನಲ್ಲಿ ಮುದುಕರ ಬಡತನ ಅತಿ ಜಾಸ್ತಿ ಇರುವುದು ಅಲ್ಲೇ. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಆ ನಿಯಮವನ್ನು ಹೆಚ್ಚುಕಡಿಮೆ ತೆಗೆದುಹಾಕಿದರು. ಮೌಲ್ಯ ಇತ್ತು, ಕಾಗದದಲ್ಲೂ ಇತ್ತು, ತಟ್ಟೆಯಲ್ಲಿ ಅನ್ನ ಇರಲಿಲ್ಲ.

ನೀರ್‌ದೋಸೆ_ಪ್ರಿಯೆ:
ಗಂಡಸರು ಇಬ್ಬರೂ ಒಂದು ಮಾತು ಬಿಟ್ಟಿರಿ. "ಕುಟುಂಬ ನೋಡಿಕೊಳ್ಳುತ್ತದೆ" ಅಂದರೆ ಯಾರು ನೋಡಿಕೊಳ್ಳುವುದು? ಸೊಸೆ. ಸೊಸೆ ಇಲ್ಲದಿದ್ದರೆ ಮಗಳು.

ಜಪಾನ್‌ನಲ್ಲಿ ಇದೇ ಜಗಳ ಆಯಿತು. 2000ದಲ್ಲಿ ಶುಶ್ರೂಷೆ ವಿಮೆ ಬಂತು, 40 ವರ್ಷ ಆದವರೆಲ್ಲ ಕಂತು ಕಟ್ಟಬೇಕು. ಜರ್ಮನಿಯ ಹಾಗೆ ಮನೆಯವರ ಕೈಗೆ ದುಡ್ಡು ಕೊಡೋಣವಾ ಅಂತ ಚರ್ಚೆ ಬಂದಾಗ ಮಹಿಳಾ ಸಂಘಟನೆಯವರು ಬೇಡವೇ ಬೇಡ ಅಂದರು. ದುಡ್ಡು ಕೊಟ್ಟರೆ "ನಿನಗೆ ಸಿಗ್ತದಲ್ಲ, ನೀನೇ ಮಾಡು" ಅಂತ ಸೊಸೆಯನ್ನು ಮನೆಯಲ್ಲೇ ಕಟ್ಟಿ ಹಾಕುತ್ತಾರೆ ಅನ್ನುವುದು ಅವರ ವಾದ. ಹಾಗಾಗಿ ಅಲ್ಲಿ ದುಡ್ಡಿಲ್ಲ, ಸೇವೆ ಮಾತ್ರ. ಒಂದೇ ಸಂಸ್ಕೃತಿಯ ಒಳಗೆ ಅತ್ತೆಯ ಮೌಲ್ಯ ಬೇರೆ, ಸೊಸೆಯ ಮೌಲ್ಯ ಬೇರೆ. ಕಾನೂನು ಯಾರ ಮಾತು ಕೇಳಿತು ಅಂತ ನೋಡಬೇಕು.

ನಮ್ಮಲ್ಲಿ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆ ಹೇಳಿತು. ಗೃಹಲಕ್ಷ್ಮಿಯ 2000 ರೂಪಾಯಿ ಹೋಗುವುದೂ ಯಜಮಾನಿಯ ಖಾತೆಗೇ. ಅಳಿಯಸಂತಾನದ ಊರಿನವರಾದ ನಮಗೆ ಇದು ಹೊಸತಲ್ಲ ಅಂತ ಕೆಲವರು ಜಂಬ ಪಡುತ್ತಾರೆ. ಆದರೆ ಅಳಿಯಕಟ್ಟಿನಲ್ಲೂ ಆಸ್ತಿ ಹೆಣ್ಣಿನ ಕಡೆಯಿಂದ ಬಂದರೂ ವ್ಯವಹಾರ ಎಲ್ಲ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತಲ್ಲ! ಈಗ ಪಕ್ಕದ ಮನೆಯ ಅಕ್ಕ ಮೊಬೈಲಿಗೆ ಮೆಸೇಜು ಬಂದ ಕೂಡಲೇ ಗಂಡನಿಗೆ ಹೇಳುವ ಮೊದಲು ಬ್ಯಾಂಕಿಗೆ ಹೋಗುತ್ತಾಳೆ. ನನಗೆ ಅದೇ ಖುಷಿ.

ಖಡಕ್_ಚಾ:
ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡುವುದೂ ಸಂಸ್ಕೃತಿಯಾ? ಅಮೆರಿಕದವರು 1996ರಲ್ಲಿ ಸರಿಯಾಗಿ ಮಾಡಿದರು. ಬಡ ಕುಟುಂಬಕ್ಕೆ ಕೇಂದ್ರದ ನಗದು ನೆರವು ಜೀವಮಾನದಲ್ಲಿ ಒಟ್ಟು 5 ವರ್ಷ, ಅದೂ ಕೆಲಸದ ಷರತ್ತಿನ ಮೇಲೆ.

ಜೆಪ್ಪು_ಹಂಚು:
@ಖಡಕ್_ಚಾ ಅಲ್ಲೇ 1935ರಿಂದ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಉಂಟು. ಅದನ್ನು ಮುಟ್ಟಿದರೆ ಯಾವ ಪಕ್ಷವೂ ಉಳಿಯುವುದಿಲ್ಲ, ಯಾಕೆಂದರೆ ಅದು "ನಾನು ದುಡಿದು ಕಟ್ಟಿದ್ದು". ಆ ದುಡಿದವರ ಪಟ್ಟಿಯಲ್ಲಿ ಶುರುವಿಗೆ ಹೊಲದ ಆಳುಗಳೂ ಮನೆಗೆಲಸದವರೂ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಅವರು ಬೆಳಗಿಂದ ಸಂಜೆವರೆಗೆ ದುಡಿಯುತ್ತಿದ್ದರು, ಸೋಮಾರಿಗಳಲ್ಲ. ಯಾರು ಅರ್ಹರು ಅನ್ನುವುದು ಬರೀ ದುಡಿಮೆಯ ಮೇಲೆ ನಿಂತಿಲ್ಲ ಅಣ್ಣ.

ಸಂತೆಕಟ್ಟೆಯವ:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಹಾಗಾದರೆ ನಮ್ಮದು ಯಾವ ಪೈಕಿ? ಮಕ್ಕಳು ಸಾಕಲೇಬೇಕು ಅಂತ ನಮ್ಮಲ್ಲಿ ಕಾನೂನು ಇದೆಯಲ್ಲ?

ಪುಳಿಮುಂಚಿ:
ಇದೆ. ಸಿಂಗಾಪುರದವರು 1995ರಲ್ಲಿ ತಂದರು, ನಾವು 2007ರಲ್ಲಿ. ಮಕ್ಕಳು ನೋಡದಿದ್ದರೆ ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ ಕೊಡಬಹುದು. ಆ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶದ ಮಿತಿ. ಸರ್ಕಾರದ ಸ್ವಂತ ಪಾಲು ನೋಡಿ: ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವುದು 79 ವರ್ಷದವರೆಗೆ 200 ರೂಪಾಯಿ, 80 ಆದ ಮೇಲೆ 500. ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ 1200. ಬಂಗುಡೆ ರೇಟು ನೋಡಿದರೆ ಇದು ಎಷ್ಟು ದಿನಕ್ಕೆ ಬರುತ್ತದೆ ಅಂತ ನಿಮಗೇ ಗೊತ್ತು. ಅಂದರೆ ಮಕ್ಕಳು ನೋಡಿಕೊಳ್ಳುತ್ತಾರೆ ಅನ್ನುವ ಧೈರ್ಯದ ಮೇಲೆಯೇ ಸರ್ಕಾರ ಕೈ ಬಿಗಿ ಹಿಡಿದಿದೆ.

ನನ್ನ ಪರಿಚಯದ ಒಬ್ಬರು ಅಮ್ಮನಿಗೆ ಅರ್ಜಿ ನಾನೇ ಬರೆದುಕೊಟ್ಟೆ. ಹೆಬ್ಬೆಟ್ಟು ಒತ್ತುವಾಗ ಕೈ ಹಿಂದೆ ತೆಗೆದರು. "ಮಗನ ಮೇಲೆ ಕಂಪ್ಲೇಂಟ್ ಕೊಟ್ಟರೆ ನಾಳೆ ನನ್ನ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಅವ ಬರ್ತಾನಾ?" ಅಂತ ಕೇಳಿದರು. ಅರ್ಜಿ ಈಗಲೂ ನನ್ನ ಹತ್ತಿರವೇ ಉಂಟು.

@ಸಂತೆಕಟ್ಟೆಯವ, ನಿಮ್ಮ ಮಾವನಿಗೆ ಒಂದು ಮಾತು ಹೇಳಿ. ಮನೆ ಜಾಗ ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದಾದರೆ "ಕೊನೆವರೆಗೆ ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲೇ ಬರೆಸಲಿ. ಆಮೇಲೆ ನೋಡದಿದ್ದರೆ ಅದೇ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಪತ್ರ ರದ್ದು ಮಾಡಿಸಲು ದಾರಿ ಇದೆ. ಹಿರಿಯರಿಗೆ ಸಹಾಯವಾಣಿಯೂ ಇದೆ, 14567.