ಶ್ರೀಲಂಕಾ ಪ್ರವಾಸಕ್ಕೆ ಯಾವ ತಿಂಗಳು ಹೊರಡುವುದು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಶ್ರೀಲಂಕಾಗೆ ಹೋಗಿಬರಬೇಕೆಂಬ ಮಾತು ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಲೇ ಇದೆ. ಈ ಬಾರಿ ಹಣ ಹೊಂದಿಸಿಕೊಂಡಿದ್ದೇವೆ, ಒಂಬತ್ತು ದಿನಗಳ ರಜೆಯೂ ಸಿಗುತ್ತದೆ, ಆದರೆ ತಿಂಗಳು ಮಾತ್ರ ನಿಶ್ಚಯವಾಗುತ್ತಿಲ್ಲ. ಹೊರಡುವವರು ನಾಲ್ಕು ಜನ: ನಾನು, ನಮ್ಮ ಯಜಮಾನರು, ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗಳು, ಎಪ್ಪತ್ತನಾಲ್ಕು ವರ್ಷದ ನಮ್ಮ ಅತ್ತೆ. ಅತ್ತೆಯವರಿಗೆ ಟ್ರಿಂಕೋಮಲಿಯ ಕೋಣೇಶ್ವರನ ದರ್ಶನವಾಗಬೇಕು, ನುವರ ಎಲಿಯಾದ ಹತ್ತಿರವಿರುವ ಸೀತಮ್ಮನ ಗುಡಿಯನ್ನು ನೋಡಬೇಕು. ಮಗಳಿಗೆ ಚಹಾ ತೋಟಗಳ ನಡುವೆ ಸಾಗುವ ಬೆಟ್ಟದ ರೈಲು ಹತ್ತಬೇಕು, ಗಾಲೆ ಕಡೆಯ ಕಡಲ ತೀರದಲ್ಲಿ ಎರಡು ದಿನ ಇರಬೇಕು.

ವಿಚಾರಿಸಿದಲ್ಲೆಲ್ಲ ಬೇರೆ ಬೇರೆ ಉತ್ತರ ಬರುತ್ತಿದೆ. ಇಲ್ಲಿನ ಒಂದು ಪ್ರವಾಸಿ ಏಜೆನ್ಸಿಯವರು ದಸರಾ ರಜೆಯಲ್ಲಿ ಹೊರಟರೆ ದರವೂ ಕಡಿಮೆ, ಜನಸಂದಣಿಯೂ ಇರುವುದಿಲ್ಲ ಎನ್ನುತ್ತಾರೆ. ನಾದಿನಿಯವರು ಡಿಸೆಂಬರಿನಲ್ಲಿ ಹೋಗಿ ಬಂದವರು, ಅದಕ್ಕಿಂತ ಒಳ್ಳೆಯ ಕಾಲವೇ ಇಲ್ಲ ಎನ್ನುತ್ತಾರೆ. ಮತ್ತೊಬ್ಬರು ಅಷ್ಟು ಚಿಕ್ಕ ದ್ವೀಪಕ್ಕೆ ಕಾಲ ನೋಡುವುದೇನಿದೆ, ಯಾವಾಗ ಬೇಕಾದರೂ ಹೋಗಬಹುದು ಎಂದುಬಿಟ್ಟರು. ಅತ್ತೆಯವರಿಗೆ ಮಂಡಿನೋವಿದೆ, ಮಳೆಯಲ್ಲಿ ಜಾರುವ ಮೆಟ್ಟಿಲುಗಳ ಮೇಲೆ ಅವರನ್ನು ನಡೆಸಲು ನನಗೆ ಧೈರ್ಯವಿಲ್ಲ. ಅನುಭವವಿರುವವರು ದಯವಿಟ್ಟು ಕಾರಣ ಸಹಿತ ತಿಳಿಸಿಕೊಡಬೇಕು.


ಉತ್ತರ (ಸರಸ್ವತಿಪುರಂ, ಮೈಸೂರು, ನಿವೃತ್ತ ಭೂಗೋಳ ಉಪನ್ಯಾಸಕ)

ಮೇಡಂ, ಶ್ರೀಲಂಕಾ ಚಿಕ್ಕದೆಂಬುದು ನಿಜ. ಅದರ ವಿಸ್ತೀರ್ಣ 65,610 ಚದರ ಕಿಲೋಮೀಟರು, ಅಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಆದರೆ ಅಷ್ಟರೊಳಗೇ ಎರಡು ಮಳೆಗಾಲಗಳಿವೆ, ಮತ್ತು ಅವೆರಡೂ ಒಂದೇ ಕಡೆ ಸುರಿಯುವುದಿಲ್ಲ. ನಿಮಗೆ ಸಿಕ್ಕ ಉತ್ತರಗಳು ಒಂದಕ್ಕೊಂದು ಹೊಂದದೆ ಇರುವುದಕ್ಕೆ ಇದೇ ಕಾರಣ.

ಮೈಸೂರಿನವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಜುಲೈನಲ್ಲಿ ಭಾಗಮಂಡಲದಲ್ಲಿ ವಾರಗಟ್ಟಲೆ ಜಡಿಮಳೆ ಹಿಡಿದು ಕನ್ನಂಬಾಡಿ ಕಟ್ಟೆ ತುಂಬುತ್ತಿರುವಾಗ ಮಂಡ್ಯದಲ್ಲಿ ಮೋಡ ಕವಿದಿರುತ್ತದೆಯೇ ಹೊರತು ನೆಲ ಸರಿಯಾಗಿ ನೆನೆಯುವುದಿಲ್ಲ, ಏಕೆಂದರೆ ನಾವು ಘಟ್ಟದ ಮಳೆನೆರಳಿನಲ್ಲಿದ್ದೇವೆ. ಶ್ರೀಲಂಕಾದ ನಡುವೆ ನಿಂತಿರುವ ಬೆಟ್ಟಸಾಲು ಮಾಡುವ ಕೆಲಸವೂ ಇದೇ. ಅಲ್ಲಿನ ಅತಿ ಎತ್ತರದ ಪಿದುರುತಲಾಗಲ ಶಿಖರ 2,524 ಮೀಟರಿನಷ್ಟಿದೆ. ಮೇ ಕೊನೆಯಿಂದ ಸೆಪ್ಟೆಂಬರಿನವರೆಗೆ ಬೀಸುವ ನೈರುತ್ಯ ಮಾರುತ ಕೊಲಂಬೊ, ಗಾಲೆ, ರತ್ನಪುರ ಮತ್ತು ಬೆಟ್ಟದ ಪಶ್ಚಿಮ ಮೈಯನ್ನು ತೋಯಿಸುತ್ತದೆ. ಆ ಗಾಳಿ ಬೆಟ್ಟವನ್ನೇರಿ ನೀರನ್ನೆಲ್ಲ ಸುರಿದು ಆಚೆ ಇಳಿಯುವಾಗ ಒಣಗಿ ಬಿಸಿಯಾಗಿರುತ್ತದೆ. ಪೂರ್ವ ಕರಾವಳಿಯ ಜನ ಅದನ್ನು ಕಚ್ಚಾನ್ ಗಾಳಿ ಎಂದು ಕರೆಯುತ್ತಾರೆ. ಆದ್ದರಿಂದ ಜುಲೈ, ಆಗಸ್ಟಿನಲ್ಲಿ ಗಾಲೆಯ ಕಡಲು ಅಬ್ಬರಿಸುತ್ತಿದ್ದರೆ ಟ್ರಿಂಕೋಮಲಿಯ ಕಡಲು ಶಾಂತವಾಗಿರುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಈಶಾನ್ಯ ಮಾರುತದ ಸರದಿ ಬಂದಾಗ ಎಲ್ಲವೂ ತಿರುಗುಮುರುಗಾಗುತ್ತದೆ: ಪೂರ್ವಕ್ಕೆ ಮಳೆ, ಗಾಲೆಗೆ ಬಿಸಿಲು.

ನಿಮ್ಮ ನಾದಿನಿಯವರು ಹೇಳಿದ್ದು ತಪ್ಪಲ್ಲ. ಅವರು ಬಹುಶಃ ಕೊಲಂಬೊ, ಗಾಲೆ ಕಡೆ ಮಾತ್ರ ತಿರುಗಾಡಿರಬೇಕು. ಟ್ರಿಂಕೋಮಲಿಗೆ ವರ್ಷದಲ್ಲೇ ಹೆಚ್ಚು ಮಳೆಯಾಗುವುದು ನವೆಂಬರ್, ಡಿಸೆಂಬರಿನಲ್ಲಿ. ಕೋಣೇಶ್ವರನ ಗುಡಿ ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿದೆ, ಅಲ್ಲಿ ಗಾಳಿಮಳೆಗೆ ಮರೆಯೇ ಇಲ್ಲ. ಅತ್ತೆಯವರ ಆಸೆಗೆ ಡಿಸೆಂಬರ್ ಸರಿಹೊಂದುವುದಿಲ್ಲ.

ಇನ್ನು ಅಕ್ಟೋಬರ್ ವಿಷಯ. ಎರಡು ಮಾರುತಗಳ ನಡುವಿನ ಈ ಅವಧಿಯನ್ನು ಹಲವರು ಬಿಡುವಿನ ಕಾಲವೆಂದು ತಿಳಿಯುತ್ತಾರೆ, ವಾಸ್ತವ ಬೇರೆಯೇ ಇದೆ. ನಮ್ಮ ಚಿತ್ತಾ, ಸ್ವಾತಿ ಮಳೆಗಳು ಹೇಗೆ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬಂದು ಕೊಯ್ಲಿಗೆ ಬಂದ ರಾಗಿಯನ್ನು ಮಲಗಿಸುತ್ತವೆಯೋ ಹಾಗೆ ಅಲ್ಲಿಯೂ ಆಗುತ್ತದೆ. ಜೊತೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಸೇರಿಕೊಂಡರೆ ದ್ವೀಪದ ಯಾವ ಮೂಲೆಯೂ ಒಣಗಿರುವುದಿಲ್ಲ. ಕೊಲಂಬೊಗೂ ನಮ್ಮ ಮೈಸೂರಿನಂತೆಯೇ ಮೇ ಮತ್ತು ಅಕ್ಟೋಬರ್ ಹೊತ್ತಿಗೆ ಮಳೆಯ ಎರಡು ಏರುಗಳಿವೆ. 2023ರ ಅಕ್ಟೋಬರ್ ಮಧ್ಯದಲ್ಲಿ ತಮಿಳುನಾಡಿನ ನಾಗಪಟ್ಟಿಣಂನಿಂದ ಶ್ರೀಲಂಕಾದ ಕಾಂಕೇಶನ್‌ತುರೈಗೆ ಆರಂಭವಾದ ಹಡಗು ಸಂಚಾರವನ್ನು ಹಿಂಗಾರಿನ ಕಾರಣದಿಂದ ಒಂದೇ ವಾರದಲ್ಲಿ ನಿಲ್ಲಿಸಬೇಕಾಯಿತು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬೆಟ್ಟನಾಡಿನಲ್ಲಿ ಉಂಟುಮಾಡಿದ ಭೂಕುಸಿತಗಳನ್ನು ತಾವೂ ಪತ್ರಿಕೆಗಳಲ್ಲಿ ಓದಿರಬಹುದು. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮುಗಿಯುವವರೆಗೆ ವಯಸ್ಸಾದವರನ್ನು ಕರೆದುಕೊಂಡು ಬೆಟ್ಟ ಹತ್ತುವುದು ಬೇಡವೆಂದೇ ನಾನು ಹೇಳುತ್ತೇನೆ.

ಎರಡೂ ಕರಾವಳಿಗಳು ಒಟ್ಟಿಗೆ ಸುಮಾರಾಗಿ ಒಣಗಿರುವುದು ಫೆಬ್ರುವರಿ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಮಾತ್ರ. ನಿಮ್ಮ ಪಟ್ಟಿಯಲ್ಲಿ ಪೂರ್ವ, ಪಶ್ಚಿಮ, ಬೆಟ್ಟ ಮೂರೂ ಇರುವುದರಿಂದ ನಿಮಗಿರುವುದು ಆ ಐದಾರು ವಾರಗಳ ಕಿಂಡಿ. ಅದಕ್ಕೆ ಹೊಂದದಿದ್ದರೆ ಯಾವುದಾದರೊಂದು ಕಡಲ ತೀರವನ್ನು ಕೈಬಿಡಬೇಕು. ಮೊದಲು ಬಿಡಲಾಗದ ಸ್ಥಳ ಯಾವುದೆಂದು ಮನೆಯಲ್ಲಿ ಮಾತಾಡಿಕೊಳ್ಳಿ, ತಿಂಗಳು ತಾನಾಗಿ ಗೊತ್ತಾಗುತ್ತದೆ.


ಉತ್ತರ (ಅಶೋಕನಗರ, ಮಂಡ್ಯ)

ಮೇಲಿನ ಹಿರಿಯರು ಅಕ್ಟೋಬರಿನ ಬಗ್ಗೆ ಬರೆದದ್ದನ್ನು ನಾವು ಅನುಭವಿಸಿ ಬಂದಿದ್ದೇವೆ. ದಸರಾ ರಜೆಯಲ್ಲಿ ಮಕ್ಕಳೊಂದಿಗೆ ಹೋಗಿದ್ದೆವು. ದರ ಕಡಿಮೆಯಿದೆ ಎಂದು ನಮಗೂ ಒಬ್ಬ ಏಜೆಂಟರು ಹೇಳಿದ್ದರು, ಕಡಿಮೆ ಏಕೆ ಎಂದು ನಾವು ಕೇಳಲಿಲ್ಲ. ಕ್ಯಾಂಡಿಯಿಂದ ನುವರ ಎಲಿಯಾಗೆ ಇರುವುದು ಎಂಬತ್ತು ಕಿಲೋಮೀಟರಿನೊಳಗಿನ ದಾರಿ. ಮಧ್ಯಾಹ್ನ ಎರಡಕ್ಕೆ ಹೊರಟವರು ತಲುಪಿದಾಗ ರಾತ್ರಿ ಒಂಬತ್ತೂವರೆಯಾಗಿತ್ತು. ತಿರುವೊಂದರಲ್ಲಿ ಕೆಂಪು ಮಣ್ಣು ಚಹಾ ಗಿಡಗಳ ಸಮೇತ ರಸ್ತೆಗೆ ಜಾರಿ ಕುಳಿತಿತ್ತು, ಅದನ್ನು ಸರಿಸುವವರೆಗೆ ವ್ಯಾನಿನ ಗಾಜು ಏರಿಸಿಕೊಂಡು ಕುಳಿತೆವು. ಚಿಕ್ಕ ಮಗ ಮೇಲಿನ ಗುಡ್ಡವನ್ನೇ ನೋಡುತ್ತಾ, ಅದೂ ಬೀಳುತ್ತದೆಯೇ ಎಂದು ಪದೇಪದೇ ಕೇಳುತ್ತಿದ್ದ. ಹೋಟೆಲಿನಲ್ಲಿ ಮೂರು ದಿನವಾದರೂ ಕಾಲುಚೀಲಗಳು ಒಣಗದೆ ನನ್ನ ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದ ಒಂದೊಂದನ್ನೇ ಒಣಗಿಸಿದಳು.

ಬೆಳಗಿನ ಹೊತ್ತು ಮಾತ್ರ ಹೆಚ್ಚಿನ ದಿನ ತಿಳಿಯಾಗಿತ್ತೆಂಬುದನ್ನೂ ಹೇಳಬೇಕು. ಸೀಗಿರಿಯಾ ಬಂಡೆಯನ್ನು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿ, ಹತ್ತು ಗಂಟೆಗೆ ಇಳಿದು ಬಂದೆವು, ಒಂದು ಹನಿಯೂ ಬೀಳಲಿಲ್ಲ. ಅಲ್ಲಿ ಸುಮಾರು ಸಾವಿರದ ಇನ್ನೂರು ಮೆಟ್ಟಿಲುಗಳಿವೆ, ನಮ್ಮ ಚಾಮುಂಡಿ ಬೆಟ್ಟಕ್ಕಿಂತ ತುಸು ಹೆಚ್ಚು, ಕೆಲವು ಕಡೆ ಬಂಡೆಗೆ ಬಿಗಿದ ಕಬ್ಬಿಣದ ಮೆಟ್ಟಿಲು. ನಿಮ್ಮ ಅತ್ತೆಯವರು ಕೆಳಗಿನ ಉದ್ಯಾನದಲ್ಲೇ ಕುಳಿತಿರುವುದು ಒಳ್ಳೆಯದು.

ರಜೆಯ ಅನುಕೂಲಕ್ಕಾಗಿ ಏಪ್ರಿಲನ್ನು ಆರಿಸುವುದಾದರೆ ಒಂದು ಎಚ್ಚರಿಕೆ. ಏಪ್ರಿಲ್ 13, 14ರಂದು ಅಲ್ಲಿ ಸಿಂಹಳೀಯರ ಮತ್ತು ತಮಿಳರ ಹೊಸ ವರ್ಷ. ಆ ದಿನಗಳ ಹಿಂದೆಮುಂದೆ ಜನರೆಲ್ಲ ಊರುಗಳಿಗೆ ಹೋಗುವುದರಿಂದ ಬಸ್ಸು, ರೈಲುಗಳಲ್ಲಿ ಜಾಗ ಸಿಗುವುದಿಲ್ಲ, ಅಂಗಡಿ ಹೋಟೆಲುಗಳು ಮುಚ್ಚಿರುತ್ತವೆ. ನುವರ ಎಲಿಯಾದಲ್ಲಿ ಮಾತ್ರ ಇದಕ್ಕೆ ವಿರುದ್ಧ: ಅಲ್ಲಿಯ ಜನಕ್ಕೆ ಏಪ್ರಿಲ್ ಎಂದರೆ ಹೂವಿನ ಪ್ರದರ್ಶನ, ಕುದುರೆ ಪಂದ್ಯಗಳ ಹಂಗಾಮು, ಕೋಣೆಗಳ ಬಾಡಿಗೆ ಏರಿಬಿಡುತ್ತದೆ.


ಉತ್ತರ (ಪಾಂಡವಪುರ, ಕೃಷಿಕ)

ಹಿರಿಯರ ಮಾತಿಗೆ ನನ್ನ ವಿರೋಧವಿಲ್ಲ, ಆದರೆ ಆಗಸ್ಟನ್ನು ಯಾರೂ ಹೇಳದೆ ಬಿಟ್ಟಿರುವುದು ನನಗೆ ಸರಿಕಾಣಲಿಲ್ಲ. ನಾವು ನಾಲೆಯ ನೀರು ನಂಬಿಕೊಂಡಿರುವವರು, ಭತ್ತದ ನಾಟಿ ಮುಗಿದ ಮೇಲೆ ಆಗಸ್ಟ್ ಮಧ್ಯದಲ್ಲಿ ನಮಗೆ ಹತ್ತು ದಿನ ಬಿಡುವು ಸಿಗುತ್ತದೆ. ಆಗ ಹೋಗಿದ್ದೆ, ಮತ್ತೊಮ್ಮೆ ಹೋಗುವುದಾದರೂ ಆಗಲೇ ಹೋಗುತ್ತೇನೆ.

ಆ ತಿಂಗಳಲ್ಲಿ ಒಣನಾಡಿನ ಕೆರೆಗಳು ಇಳಿದಿರುತ್ತವೆ. ಮಿನ್ನೇರಿಯಾ ಕೆರೆಯನ್ನು ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ್ದು. ಬೇಸಿಗೆಯಲ್ಲಿ ನಮ್ಮ ಕನ್ನಂಬಾಡಿಯ ಹಿನ್ನೀರು ಸರಿದ ಜಾಗದಲ್ಲಿ ಹುಲ್ಲು ಚಿಗುರಿ ದನಗಳು ಮೇಯುವುದನ್ನು ನಾವು ನೋಡಿದ್ದೇವಲ್ಲ, ಅಲ್ಲಿ ಅದೇ ಬಗೆಯ ಕೆರೆಯಂಗಳಕ್ಕೆ ಆನೆಗಳು ಹಿಂಡುಹಿಂಡಾಗಿ ಇಳಿದುಬರುತ್ತವೆ. ಸಂಜೆ ನಾಲ್ಕರ ಹೊತ್ತಿಗೆ ನಾನು ಅರವತ್ತರವರೆಗೆ ಎಣಿಸಿ ನಿಲ್ಲಿಸಿದೆ. ಒಂದು ತಾಯಾನೆ ಹುಲ್ಲಿನ ಕಂತೆಯನ್ನು ಕಿತ್ತು, ಬೇರಿನ ಮಣ್ಣನ್ನು ಮುಂಗಾಲಿಗೆ ಬಡಿದು ಉದುರಿಸಿ ತಿನ್ನುತ್ತಿತ್ತು. ಸಸಿ ಮಡಿಯಲ್ಲಿ ಪೈರು ಕಿತ್ತು ಕಾಲಿಗೆ ಬಡಿದು ಕಟ್ಟು ಕಟ್ಟುವ ನಮ್ಮ ಹೆಣ್ಣುಮಕ್ಕಳ ಕೈಚಳಕವೇ ನೆನಪಾಯಿತು. ಕ್ಯಾಂಡಿಯ ಎಸಲ ಪೆರಹೆರವೂ ಹೆಚ್ಚಾಗಿ ಆಗಸ್ಟ್ ಹುಣ್ಣಿಮೆಗೆ ಮುಗಿಯುತ್ತದೆ. ಜಂಬೂಸವಾರಿ ನೋಡಿ ಬೆಳೆದವರು ಆ ಆನೆಗಳ ಮೆರವಣಿಗೆಯನ್ನು ಒಮ್ಮೆಯಾದರೂ ನೋಡಬೇಕು.

ಮಳೆಯ ಮಾತಿಗೆ ಬಂದರೆ, ಬೆಟ್ಟದ ರೈಲಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನುವರ ಎಲಿಯಾಗೆ ಹತ್ತಿರದ ‘ನಾನುಓಯಾ’ ಎಂಬ ನಿಲ್ದಾಣದಿಂದ ಬದುಳ್ಳದ ಕಡೆಗೆ ಹೊರಟಾಗ ಸೋನೆ ಹಿಡಿದಿತ್ತು, ಕಿಟಕಿಯ ಹೊರಗೆ ಮಂಜು ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಪಟ್ಟಿಪೊಲ ಎಂಬುದು ಆ ದೇಶದ ಅತಿ ಎತ್ತರದ ರೈಲು ನಿಲ್ದಾಣ, ಸುಮಾರು 1,890 ಮೀಟರು. ಅದನ್ನು ದಾಟಿ ಸುರಂಗದೊಳಗೆ ಹೊಕ್ಕ ರೈಲು ಓಹಿಯಾದ ಕಡೆಗೆ ಹೊರಬಂದಾಗ ಎಳೆ ಬಿಸಿಲು ಬಿದ್ದು, ಕಣಿವೆ ಕೆಳಗಿನವರೆಗೂ ತೆರೆದುಕೊಂಡಿತ್ತು. ಡಬ್ಬಿಯಲ್ಲಿದ್ದವರೆಲ್ಲ ಎದ್ದು ಬಾಗಿಲ ಬಳಿ ಬಂದರು. ಕುಶಾಲನಗರದಲ್ಲಿ ಬಿಸಿಲಿದ್ದು ಸುಂಟಿಕೊಪ್ಪ ದಾಟುವಷ್ಟರಲ್ಲಿ ವೈಪರ್ ಹಾಕಬೇಕಾಗುತ್ತದಲ್ಲ, ಅದೇ ಆಟ ಅಲ್ಲಿ ಒಂದು ಸುರಂಗದೊಳಗೆ ಮುಗಿಯುತ್ತದೆ. ಸುರಂಗದಾಚೆಯ ಊವಾ ಸೀಮೆಯಲ್ಲಿ ಜುಲೈನಿಂದ ಸೆಪ್ಟೆಂಬರಿನವರೆಗೆ ಬೀಸುವ ಆ ಒಣ ಗಾಳಿಯಿಂದಲೇ ಅಲ್ಲಿಯ ಚಹಾಕ್ಕೆ ಒಳ್ಳೆಯ ಪರಿಮಳ ಬರುತ್ತದೆಂದು ತೋಟದವರು ಹೇಳಿದರು. ಪಶ್ಚಿಮ ಮಗ್ಗುಲಿನ ದಿಂಬುಲ ಚಹಾಕ್ಕೆ ಆ ಹದ ಬರುವುದು ಜನವರಿಯಿಂದ ಮಾರ್ಚಿನವರೆಗಂತೆ. ಅದೇ ರೈಲು ಮಾರ್ಗದ ಒಂಬತ್ತು ಕಮಾನಿನ ಸೇತುವೆ ಇರುವುದೂ ಊವಾ ಕಡೆಗೇ.

ಟ್ರಿಂಕೋಮಲಿ, ಆನೆ, ಪೆರಹೆರ, ಊವಾ, ಇಷ್ಟು ಸಾಕೆನ್ನುವವರಿಗೆ ಆಗಸ್ಟೇ ಸರಿ. ಗಾಲೆ ಮಾತ್ರ ಆಗ ಬೇಡ, ಕಡಲಿಗಿಳಿಯಲು ಬಿಡುವುದಿಲ್ಲ.


ಪ್ರಶ್ನೆ ಕೇಳಿದವರು (ಕುವೆಂಪುನಗರ, ಮೈಸೂರು)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ನಿಮ್ಮ ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳಿದೆ. ಕೋಣೇಶ್ವರನನ್ನು ಬಿಟ್ಟರೆ ನಾನು ಹೊರಡುವುದೇ ಇಲ್ಲ ಎಂದರು. ಅಲ್ಲಿಗೆ ಡಿಸೆಂಬರ್ ಹೋಯಿತು, ದಸರೆಯೂ ಹೋಯಿತು. ಆಗಸ್ಟಿನಲ್ಲಿ ಮಗಳಿಗೆ ಶಾಲೆ ಇರುತ್ತದೆ, ಮುಂದಿನ ವರ್ಷ ಹತ್ತನೇ ತರಗತಿಯಾದ್ದರಿಂದ ಆಗ ಬಿಡಿಸುವಂತೆಯೂ ಇಲ್ಲ. ಅವಳ ಪರೀಕ್ಷೆ ಮಾರ್ಚ್ ಕೊನೆಗೆ ಮುಗಿಯುತ್ತದೆ. ಏಪ್ರಿಲ್ 1ರಂದೋ 2ರಂದೋ ಹೊರಟು 10ರೊಳಗೆ, ಅಂದರೆ ಅವರ ಹೊಸ ವರ್ಷದ ಗದ್ದಲಕ್ಕೆ ಮುಂಚೆ, ಬೆಂಗಳೂರಿಗೆ ಹಿಂದಿರುಗುವುದೆಂದು ನಿಶ್ಚಯಿಸಿದ್ದೇವೆ. ಗಾಲೆಗೆ ಎರಡು ದಿನ ಸಿಗುವುದಿಲ್ಲ, ಒಂದು ದಿನವಾದರೂ ಸಾಕೆಂದು ಮಗಳು ಒಪ್ಪಿದ್ದಾಳೆ. ಉಳಿದ ಸಂದೇಹ ಎರಡು: ಯಾವ ಕಡೆಯಿಂದ ಆರಂಭಿಸುವುದು, ಮತ್ತು ನುವರ ಎಲಿಯಾದಲ್ಲಿ ಏಪ್ರಿಲಿನಲ್ಲಿಯೂ ಸ್ವೆಟರ್ ಬೇಕಾಗುತ್ತದೆಯೇ?


ಉತ್ತರ (ಸರಸ್ವತಿಪುರಂ, ಮೈಸೂರು)

ಒಳ್ಳೆಯ ತೀರ್ಮಾನ, ಮೇಡಂ. ಕೊಲಂಬೊದಲ್ಲಿ ಇಳಿದವರು ನೇರ ಪೂರ್ವಕ್ಕೆ ಹೋಗಿ. ಟ್ರಿಂಕೋಮಲಿ ದೂರದ ದಾರಿ, ಆದ್ದರಿಂದ ದಂಬುಲ್ಲದಲ್ಲಿ ಒಂದು ರಾತ್ರಿ ತಂಗಿದರೆ ಅತ್ತೆಯವರಿಗೆ ಆಯಾಸವಾಗುವುದಿಲ್ಲ, ಮೈಯಲ್ಲಿ ಕಸುವಿರುವಾಗಲೇ ಅವರ ದರ್ಶನವೂ ಆಗುತ್ತದೆ. ಅಲ್ಲಿಂದ ಕ್ಯಾಂಡಿ, ಬೆಟ್ಟ, ಬೆಟ್ಟದಿಂದ ದಕ್ಷಿಣಕ್ಕೆ ಇಳಿದು ಗಾಲೆ, ಮತ್ತೆ ಕೊಲಂಬೊ ಎಂದು ಒಂದು ಸುತ್ತು ಹಾಕಿದರೆ ಬಂದ ದಾರಿಯಲ್ಲೇ ಹಿಂದಿರುಗುವ ತಾಪತ್ರಯ ಇರುವುದಿಲ್ಲ. ಒಣನಾಡಿನಲ್ಲಿ ಆಗ ನಮ್ಮ ಏಪ್ರಿಲಿನಷ್ಟೇ ಬಿಸಿಲಿದ್ದರೂ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎಲ್ಲಿಯೂ ನಡೆಯುವುದು ಬೇಡ. ಬೆಟ್ಟದಲ್ಲಿ ಮಧ್ಯಾಹ್ನದ ಗುಡುಗುಮಳೆ ಆ ಹೊತ್ತಿಗೆ ಶುರುವಾಗಿರುತ್ತದೆ. ಸೀತಮ್ಮನ ಗುಡಿಗೆ ಬೆಳಗ್ಗೆಯೇ ಹೋಗಿಬನ್ನಿ. ರೈಲು ಮಾರ್ಗ ಭೂಕುಸಿತದಿಂದ ಆಗಾಗ ಕಡಿತವಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಳ್ಳಿ.

ನುವರ ಎಲಿಯಾ 1,868 ಮೀಟರ್ ಎತ್ತರದಲ್ಲಿದೆ. ಏಪ್ರಿಲಿನಲ್ಲಿಯೂ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ನಿಮಗೆ ಸ್ವೆಟರ್ ಸಾಕು, ಅತ್ತೆಯವರಿಗೆ ಒಂದು ಶಾಲನ್ನೂ ಮಂಡಿಗೆ ಉಣ್ಣೆಯ ಪಟ್ಟಿಯನ್ನೂ ಮೇಲಿನ ಚೀಲದಲ್ಲೇ ಇಟ್ಟುಕೊಳ್ಳಿ, ಕೆಳಗಿನ ಪೆಟ್ಟಿಗೆಯಲ್ಲಿ ಬೇಡ.